ಮಿದುಳಿನ ವಿದ್ಯೆಗೆ ಕೊಟ್ಟವರು, ದುಡಿದವರು



ಉಪಕಾರ ಮಾಡಿದವರನ್ನು ನೆನೆಯುವ ಪದ್ಧತಿ ನಮ್ಮ ನಾಡಿಗೆ ಹೊಸತಲ್ಲ. ಊರಿನ ದನಕರುಗಳಿಗಾಗಿ ಹೋರಾಡಿ ಮಡಿದವನಿಗೆ ವೀರಗಲ್ಲು. ಕೆರೆ ಕಟ್ಟಿಸಿದವನಿಗೆ, ದೇಗುಲಕ್ಕೆ ಭೂಮಿ ಬಿಟ್ಟವನಿಗೆ ದಾನಶಾಸನ. ಹೀಗೆ ಕನ್ನಡನಾಡಿನ ಊರೂರಿನಲ್ಲಿಯೂ ಕಲ್ಲುಗಳು ನಿಂತಿರುವುವು. ಇತಿಹಾಸವನ್ನು ಓದುವವರು ಸಾಮಾನ್ಯವಾಗಿ ಈ ಕಲ್ಲುಗಳಲ್ಲಿ ಅರಸರ ಹೆಸರನ್ನೂ ಕಾಲವನ್ನೂ ಹುಡುಕುವುದುಂಟು. ನಾವು ಈ ದಿನ ಬೇರೊಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವುಗಳ ಬಳಿಗೆ ಹೋಗಬೇಕೆಂದಿರುವೆವು. ವಿದ್ಯೆಗಾಗಿ ಧನವನ್ನು ಕೊಟ್ಟವರನ್ನು, ಆ ವಿದ್ಯೆಗಾಗಿ ಆಯುಸ್ಸನ್ನು ಸವೆಸಿದವರನ್ನು ಗೌರವಿಸುವ ಸರಿಯಾದ ಬಗೆ ಯಾವುದು? ಅದರಲ್ಲಿಯೂ, ಫಲವು ಬೇಗನೆ ಕಣ್ಣಿಗೆ ಬೀಳದ ಮಿದುಳಿನ ಶಾಸ್ತ್ರಕ್ಕೆ ಕೊಟ್ಟವರನ್ನೂ ದುಡಿದವರನ್ನೂ ಹೇಗೆ ನೆನೆಯಬೇಕು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ನಾವು ಆರಿಸಿಕೊಂಡ ಸ್ಥಳವು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇವು ವಿಜಯಪುರ ಜಿಲ್ಲೆಯ ನಾಲ್ಕು ಹಳೆಯ ತಾಲ್ಲೂಕುಗಳು. ಜೋಳದ ಹೊಲ, ಕರಿಯ ಎರೆಮಣ್ಣು, ಅನಿಶ್ಚಿತವಾದ ಮಳೆ, ಇವುಗಳಿಗೆ ಹೆಸರಾದ ಸೀಮೆ. ಮಿದುಳಿನ ಸಂಶೋಧನೆಯ ದೊಡ್ಡ ಮಂದಿರಗಳು ಇಲ್ಲಿ ಇಲ್ಲ. ಅವು ಐನೂರು ಕಿಲೊಮೀಟರಿಗೂ ಮಿಗಿಲಾದ ದೂರದಲ್ಲಿ, ಬೆಂಗಳೂರಿನಲ್ಲಿ ಇರುವುವು. ಆದರೆ ಬೆಂಗಳೂರಿನಲ್ಲಿ ದಾನಿಗಳಿಗೂ ವಿದ್ವಾಂಸರಿಗೂ ಸಂದ ಗೌರವವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ತಿಳಿಯಬೇಕಾದರೆ, ಅವರ ಕೆಲಸವು ಸಿಂದಗಿಯ ಹಳ್ಳಿಯೊಂದರ ರೋಗಿಗೆ ಏನಾಗಿ ಮುಟ್ಟಿತೆಂಬುದನ್ನು ವಿಚಾರಿಸಬೇಕಾಗುವುದು. ದೂರದಲ್ಲಿರುವುದೇ ಈ ಸೀಮೆಯನ್ನು ಆರಿಸಿದುದಕ್ಕೆ ಒಂದು ಕಾರಣ. ಮತ್ತೊಂದು ಕಾರಣವೆಂದರೆ, ವಿದ್ಯಾದಾನವನ್ನು ಕುರಿತ ಎರಡು ದೊಡ್ಡ ಪಾಠಗಳು ಈ ಸೀಮೆಯ ಇತಿಹಾಸದಲ್ಲಿಯೇ ಇರುವುವು.

ಮೊದಲನೆಯದು ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಸ್ತಂಭಶಾಸನ. ಇದು ಶಕವರ್ಷ ೮೬೭ಕ್ಕೆ, ಎಂದರೆ ಕ್ರಿಸ್ತಶಕ ೯೪೫ಕ್ಕೆ ಸೇರಿದುದು. ಆಗ ಈ ಊರಿಗೆ ಪಾವಿಟ್ಟಗೆ ಎಂಬ ಹೆಸರಿದ್ದಿತು. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲಸಿ ಓದುತ್ತಿದ್ದರು. ಶಾಲೆಗೆ ೫೦೦ ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ ೨೭ ಮನೆಗಳು, ದೀಪದ ಖರ್ಚಿಗೆ ೧೨ ನಿವರ್ತನ, ಉಪಾಧ್ಯಾಯನ ಜೀವನಕ್ಕೆ ೫೦ ನಿವರ್ತನ ಮತ್ತು ಒಂದು ಮನೆ, ಹೀಗೆ ಕಲ್ಲಿನಲ್ಲಿ ಲೆಕ್ಕವನ್ನು ಕೆತ್ತಿರುವರು. ಇಷ್ಟಕ್ಕೇ ನಿಲ್ಲದೆ, ಆ ಊರಿನವರು ತಮ್ಮ ಮನೆಗಳಲ್ಲಿ ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಆ ಶಾಸನದಲ್ಲಿರುವುದು.

ಈ ಲೆಕ್ಕವನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಶಾಲೆಗೆ ಕಟ್ಟಡವೊಂದೇ ಸಾಲದು, ರಾತ್ರಿಯಲ್ಲಿ ಓದಲು ದೀಪ ಬೇಕು, ದೀಪಕ್ಕೆ ಎಣ್ಣೆ ಬೇಕು, ಎಣ್ಣೆಗೆ ಸ್ಥಿರವಾದ ಆದಾಯ ಬೇಕು ಎಂಬುದನ್ನು ಆ ಕಾಲದವರು ಅರಿತಿದ್ದರು. ದಾನಿಯು ಒಮ್ಮೆ ಕೊಟ್ಟು ಹೋದ ಬಳಿಕ ಶಾಲೆಯು ಅನಾಥವಾಗಬಾರದೆಂದು ಊರಿನ ಮದುವೆ ಮುಂಜಿಗಳಿಗೆ ಅದನ್ನು ಕಟ್ಟಿಹಾಕಿದರು. ಮಂತ್ರಿಗೆ ಸಂದ ನಿಜವಾದ ಗೌರವವು ಅವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿದುದರಲ್ಲಿ ಮುಗಿಯಲಿಲ್ಲ. ಅವನ ಹಿಂದೆ ಇಡೀ ಊರು ದಾನಿಯಾಯಿತು. ಆ ಶಾಲೆಯ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು.

ಎರಡನೆಯ ಪಾಠವು ಆ ಕೊರತೆಗೇ ಉತ್ತರವಾಗಿ ಬಂದಿತೆಂದು ಹೇಳಿದರೆ ತಪ್ಪಾಗಲಾರದು. ಸಾಲೋಟಗಿಯ ಕಲ್ಲು ನಿಂತ ಸುಮಾರು ಎರಡು ಶತಮಾನಗಳ ಮೇಲೆ, ಅದೇ ಸೀಮೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮತ್ತು ಅವರ ಸಂಗಡಿಗರಾದ ಶರಣರು ದಾನವೆಂಬುದರ ಸ್ಥಾನದಲ್ಲಿ ದಾಸೋಹವೆಂಬ ಭಾವನೆಯನ್ನು ನಿಲ್ಲಿಸಿದರು. ದಾನದಲ್ಲಿ ಕೊಡುವವನು ತಾನು ಕೊಟ್ಟೆನೆಂಬ ಹೆಮ್ಮೆಗೆ ಒಳಗಾಗುವನು, ತೆಗೆದುಕೊಳ್ಳುವವನು ತಗ್ಗಿದವನಾಗುವನು. ದಾಸೋಹದಲ್ಲಿಯಾದರೋ, ಕಾಯಕದಿಂದ ಬಂದುದನ್ನು ಹಂಚುವವನು ತಾನೇ ಸೇವಕನೆಂದು ಭಾವಿಸುವನು. ಈ ಎರಡು ಪಾಠಗಳನ್ನು, ಎಂದರೆ ಕಲ್ಲಿನ ಲೆಕ್ಕವನ್ನೂ ದಾಸೋಹದ ಭಾವನೆಯನ್ನೂ, ಜತೆಯಲ್ಲಿಟ್ಟುಕೊಂಡು ನಾವು ಈಗ ಮಿದುಳಿನ ಶಾಸ್ತ್ರಕ್ಕೆ ಬರೋಣ.

ಮಿದುಳಿನ ಶಾಸ್ತ್ರದಲ್ಲಿ ಗೌರವವನ್ನು ಹಂಚುವುದು ಸುಲಭವಲ್ಲವೆಂಬುದಕ್ಕೆ ಅದರ ಇತಿಹಾಸವೇ ಸಾಕ್ಷಿ. ೧೯೦೬ರಲ್ಲಿ ನೊಬೆಲ್ ಬಹುಮಾನವನ್ನು ಇಟಲಿಯ ಗಾಲ್ಜಿ ಮತ್ತು ಸ್ಪೇನಿನ ಕಹಾಲ್ ಎಂಬಿಬ್ಬರಿಗೆ ಹಂಚಿಕೊಟ್ಟರು. ನರತಂತುಗಳಿಗೆ ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ಕಾಣುವಂತೆ ಮಾಡಿದವನು ಗಾಲ್ಜಿ. ಆ ಬಣ್ಣವನ್ನೇ ಬಳಸಿ, ಮಿದುಳು ಬಿಡಿಬಿಡಿಯಾದ ಜೀವಕೋಶಗಳಿಂದ ಆಗಿದೆಯೆಂದು ಸಾಧಿಸಿದವನು ಕಹಾಲ್. ಮಿದುಳೆಲ್ಲವೂ ಒಂದೇ ಹೆಣಿಗೆಯ ಬಲೆಯೆಂದು ಗಾಲ್ಜಿಯು ಬಹುಮಾನವನ್ನು ಸ್ವೀಕರಿಸಿದ ವೇದಿಕೆಯಲ್ಲಿಯೂ ವಾದಿಸಿದನು. ಸಿದ್ಧಾಂತದಲ್ಲಿ ಅವನು ಸೋತನು. ಆದರೆ ಅವನ ಬಣ್ಣವಿಲ್ಲದೆ ಕಹಾಲನ ಗೆಲುವು ಇಲ್ಲ. ಹೀಗೆ ಒಬ್ಬನ ಉಪಕರಣ, ಒಬ್ಬನ ವಿಚಾರ, ಮತ್ತೊಬ್ಬನ ಹಣ, ಇವು ಕೂಡಿಯೇ ಈ ಶಾಸ್ತ್ರವು ಬೆಳೆದಿರುವುದು.

ಹಣದ ಮಾತಿಗೆ ಒಂದು ನಿದರ್ಶನವನ್ನು ಕೊಡುವೆವು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಡಾಕ್ಟರ್ ಪೆನ್‌ಫೀಲ್ಡ್ ಎಂಬವರು ೧೯೩೪ರಲ್ಲಿ ನರವಿಜ್ಞಾನದ ಸಂಸ್ಥೆಯೊಂದನ್ನು ತೆರೆದರು. ಅದಕ್ಕೆ ರಾಕ್‌ಫೆಲರ್ ಪ್ರತಿಷ್ಠಾನವು ಹತ್ತು ಲಕ್ಷ ಡಾಲರಿಗೂ ಮಿಗಿಲಾದ ನೆರವನ್ನು ಕೊಟ್ಟಿತು. ಪೆನ್‌ಫೀಲ್ಡರು ಮೂರ್ಛೆರೋಗಿಗಳ ತಲೆಯ ಚರ್ಮಕ್ಕೆ ಮಾತ್ರ ನೋವು ತಿಳಿಯದಂತೆ ಮದ್ದು ಕೊಟ್ಟು, ರೋಗಿಯು ಎಚ್ಚರವಾಗಿರುವಾಗಲೇ ಮಿದುಳನ್ನು ವಿದ್ಯುತ್ತಿನಿಂದ ಮೃದುವಾಗಿ ಮುಟ್ಟುತ್ತಿದ್ದರು. ಮುಟ್ಟಿದಾಗ ತನಗೆ ಏನಾಯಿತೆಂಬುದನ್ನು ರೋಗಿಯೇ ಹೇಳುವನು: ಕೈಬೆರಳು ಜುಮ್ಮೆಂದಿತು, ನಾಲಗೆ ನಡುಗಿತು, ಹಿಂದೆ ಕೇಳಿದ ಧ್ವನಿಯೊಂದು ಕೇಳಿಸಿತು ಎಂದು. ಮಿದುಳಿನ ಯಾವ ಭಾಗವು ದೇಹದ ಯಾವ ಅಂಗಕ್ಕೆ ಒಡೆಯನೆಂಬ ನಕ್ಷೆಯು ಹೀಗೆ ಸಿದ್ಧವಾಯಿತು. ಈ ನಕ್ಷೆಯನ್ನು ಬರೆದವರು ಯಾರು? ದಾನಿಯೂ ಹೌದು, ವೈದ್ಯನೂ ಹೌದು. ಆದರೆ ಮೇಜಿನ ಮೇಲೆ ಮಲಗಿ ಮಾತನಾಡಿದ ಆ ರೋಗಿಗಳನ್ನು ಬಿಟ್ಟರೆ ನಕ್ಷೆಯೇ ಇಲ್ಲ. ಈ ಮೂರನೆಯವರನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪೆನ್‌ಫೀಲ್ಡರ ಬಳಿ ಶಿಕ್ಷಣವನ್ನು ಪಡೆದ ಡಾಕ್ಟರ್ ಜೇಕಬ್ ಚಾಂಡಿಯವರು ೧೯೪೯ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದರು. ಆ ವಿದ್ಯೆಯು ದಕ್ಷಿಣ ಹಿಂದೂಸ್ಥಾನಕ್ಕೆ ಬಂದ ಹಾದಿಗಳಲ್ಲಿ ಇದೂ ಒಂದು.

ಇನ್ನು ಕನ್ನಡನಾಡಿನ ಕಡೆಗೆ ತಿರುಗೋಣ. ಬೆಂಗಳೂರಿನಲ್ಲಿ ೧೮೪೭ರಷ್ಟು ಹಿಂದೆಯೇ ಬುದ್ಧಿಭ್ರಮಣೆಯುಳ್ಳವರಿಗಾಗಿ ಒಂದು ಆಶ್ರಯಸ್ಥಾನವಿದ್ದಿತು. ಅದು ಹೆಚ್ಚಾಗಿ ಕಾವಲಿನ ಮನೆಯಾಗಿತ್ತು, ಚಿಕಿತ್ಸೆಯ ಮನೆಯಾಗಿರಲಿಲ್ಲ. ೧೯೨೫ರಲ್ಲಿ ಮೈಸೂರು ಸರ್ಕಾರದವರು ಅದಕ್ಕೆ ಮಾನಸಿಕ ಆಸ್ಪತ್ರೆಯೆಂದು ಹೆಸರಿಟ್ಟರು. ಹೆಸರು ಬದಲಾದುದು ಸಣ್ಣ ಮಾತಲ್ಲ. ಒಳಗಿರುವವನು ಕೈದಿಯಲ್ಲ, ರೋಗಿ ಎಂದು ಒಂದು ಸರ್ಕಾರವು ಒಪ್ಪಿಕೊಂಡಂತಾಯಿತು. ಡಾಕ್ಟರ್ ಫ್ರಾಂಕ್ ನರೋನ್ಹಾ ಅವರ ಶ್ರಮವೂ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯೂ ಸೇರಿ, ೧೯೩೭ರ ವೇಳೆಗೆ ನಗರದ ಹೊರಗೆ ವಿಶಾಲವಾದ ಹೊಸ ಆಸ್ಪತ್ರೆಯು ಸಿದ್ಧವಾಯಿತು.

ಇದೇ ಕಾಲದಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರಿದ್ದರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಮನಶ್ಶಾಸ್ತ್ರವನ್ನು ಕಲಿತು ಬಂದ ಇವರಿಂದ ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗವು ರೂಪುಗೊಂಡಿತು. ಹಿಂದೂಸ್ಥಾನದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಅಂತಹ ವಿಭಾಗವು ಆಗ ಅಪರೂಪ. ಇದೇ ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ ೩೦ ವಾಟಿನ ಸಣ್ಣ ಯಂತ್ರವೊಂದನ್ನಿಟ್ಟು ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದಿತು. ಮುಂದೆ ಅದೇ ಹೆಸರು ದೇಶದ ಬಾನುಲಿಗೆಲ್ಲ ಸಂದಿತು. ಮನಸ್ಸು ಹೇಗೆ ಕಲಿಯುವುದೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದವರು, ಕಲಿತುದನ್ನು ಓದುಬರಹ ಬಾರದವನ ಕಿವಿಗೂ ಮುಟ್ಟಿಸಬೇಕೆಂದು ಸ್ವಂತ ದುಡ್ಡನ್ನು ಸುರಿದರು. ದಾನಿ ಮತ್ತು ಸಂಶೋಧಕ ಎಂಬಿಬ್ಬರು ಒಬ್ಬನೇ ಮನುಷ್ಯನಲ್ಲಿ ಕೂಡಿದ ಉದಾಹರಣೆ ಇದು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರೂ ಅದೇ ಕಾಲದಲ್ಲಿ ವಚನಗಳ ತಾಡವಾಲೆಗಳಿಗಾಗಿ ತಮ್ಮ ಗಳಿಕೆಯನ್ನು ಹೀಗೆಯೇ ವೆಚ್ಚ ಮಾಡುತ್ತಿದ್ದರೆಂಬುದನ್ನು ಆ ಸೀಮೆಯವರು ಬಲ್ಲರು.

ಬೆಂಗಳೂರಿನ ಹೊಸ ಆಸ್ಪತ್ರೆಯನ್ನು ವಿದ್ಯಾಸ್ಥಾನವನ್ನಾಗಿ ಮಾಡಿದ ಕೀರ್ತಿ ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರದು. ೧೯೫೪ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾದಾಗ ಅವರೇ ಮೊದಲನೆಯ ನಿರ್ದೇಶಕರಾದರು. ೧೯೭೪ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಎಂದು ನಾವು ಕರೆಯುವ ರಾಷ್ಟ್ರೀಯ ಸಂಸ್ಥೆಯು ಹುಟ್ಟಿತು. ಶಸ್ತ್ರವೈದ್ಯರಾದ ಡಾಕ್ಟರ್ ಮಾರ್ತಾಂಡವರ್ಮರು ಅದನ್ನು ಮುನ್ನಡೆಸಿದರು.

ಇಲ್ಲಿ ಒಂದು ಕಠಿಣವಾದ ಮಾತನ್ನು ಹೇಳದೆ ಮುಂದುವರಿಯುವುದು ಇತಿಹಾಸಕ್ಕೆ ತಕ್ಕುದಲ್ಲ. ೧೯೪೪ರಲ್ಲಿ ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಬಾಲಕೃಷ್ಣರಾಯರೂ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಚಿಕಿತ್ಸೆಯನ್ನು ಕುರಿತು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಆಗ ಅದು ಪ್ರಪಂಚದ ದೊಡ್ಡ ಆಸ್ಪತ್ರೆಗಳಲ್ಲೆಲ್ಲ ನಡೆಯುತ್ತಿದ್ದಿತು. ಅದನ್ನು ಕಂಡುಹಿಡಿದ ಪೋರ್ಚುಗಲ್ಲಿನ ಮೋನಿಜ್ ಎಂಬವನಿಗೆ ೧೯೪೯ರಲ್ಲಿ ನೊಬೆಲ್ ಬಹುಮಾನವೇ ದೊರೆಯಿತು. ಕೆಲವೇ ವರ್ಷಗಳಲ್ಲಿ ಔಷಧಗಳು ಬಂದುವು. ಆ ಶಸ್ತ್ರಕ್ರಿಯೆಯಿಂದ ಅನೇಕರು ಉತ್ಸಾಹವನ್ನೂ ವ್ಯಕ್ತಿತ್ವವನ್ನೂ ಕಳೆದುಕೊಂಡುದು ಬೆಳಕಿಗೆ ಬಂದು, ವೈದ್ಯಲೋಕವು ಅದನ್ನು ಕೈಬಿಟ್ಟಿತು. ಹಾಗಾದರೆ ಗೋವಿಂದಸ್ವಾಮಿಯವರನ್ನು ಗೌರವಿಸಬಾರದೇ? ಗೌರವಿಸಬೇಕು. ಆದರೆ ಅವರು ಕಟ್ಟಿದ ಸಂಸ್ಥೆಯನ್ನು ಹೇಳುವ ಬಾಯಿಂದಲೇ ಆ ಕಾಲದ ವೈದ್ಯರ ತಪ್ಪೆಣಿಕೆಯನ್ನೂ, ಅದರ ಭಾರವನ್ನು ಹೊತ್ತ ಹೆಸರಿಲ್ಲದ ರೋಗಿಗಳನ್ನೂ ಹೇಳಬೇಕು. ಕೊರತೆಗಳನ್ನು ಅಳಿಸಿ ಕಟ್ಟಿದ ಹಾರವು ಬೇಗನೆ ಬಾಡುವುದು. ಸತ್ಯವನ್ನು ತಿಳಿದು ಕೊಟ್ಟ ಗೌರವವು ಬಾಳುವುದು.

ಇಷ್ಟೆಲ್ಲ ನಡೆಯುತ್ತಿದ್ದಾಗ ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ ಏನಾಗಿತ್ತು? ಅವು ಮೈಸೂರಿಗೆ ಸೇರಿರಲಿಲ್ಲ. ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದುವು. ಅಲ್ಲಿಯ ರೋಗಿಗಳಿಗೆ ಇದ್ದುದು ೧೮೪೫ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಆಸ್ಪತ್ರೆ. ಗದಗು ಹೊಟಗಿ ರೈಲುಹಾದಿಯು ೧೮೮೦ರ ದಶಕದಲ್ಲಿ ಬಂದ ಮೇಲೆ ಇಂಡಿಗೂ ಬಾಗೇವಾಡಿಗೂ ಅವುಗಳ ಹೆಸರಿನ ನಿಲ್ದಾಣಗಳು ಊರಿನಿಂದ ದೂರದಲ್ಲಿಯಾದರೂ ದೊರೆತುವು. ಸಿಂದಗಿಗೂ ಮುದ್ದೇಬಿಹಾಳಕ್ಕೂ ಅದೂ ಇಲ್ಲ. ೧೯೧೨ರ ಕಾಯಿದೆಯ ಪ್ರಕಾರ ರೋಗಿಯನ್ನು ಸೇರಿಸಲು ಮ್ಯಾಜಿಸ್ಟ್ರೇಟರ ಅಪ್ಪಣೆಯು ಸಾಮಾನ್ಯವಾಗಿ ಬೇಕಾಗಿದ್ದಿತು. ಆ ಕಾಯಿದೆಯು ೧೯೮೭ರಲ್ಲಿ ಬದಲಾಯಿತು. ೨೦೧೭ರ ಕಾಯಿದೆಯು ಚಿಕಿತ್ಸೆಯನ್ನು ರೋಗಿಯ ಹಕ್ಕೆಂದು ಸಾರಿತು. ಧಾರವಾಡದ ಆ ಹಳೆಯ ಆಸ್ಪತ್ರೆಯು ಇಂದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆಯಾಗಿ ಉತ್ತರ ಕರ್ನಾಟಕಕ್ಕೆ ಆಸರೆಯಾಗಿರುವುದು.

ಈಚಿನ ವರ್ಷಗಳಲ್ಲಿ ಮಿದುಳಿನ ಶಾಸ್ತ್ರಕ್ಕೆ ಬಂದ ಖಾಸಗಿ ದಾನಗಳು ಹಿಂದೆಂದೂ ಕಾಣದಷ್ಟು ದೊಡ್ಡವು. ಜಮ್‌ಶೇಟ್‌ಜಿ ಟಾಟಾ ಅವರ ಸಂಕಲ್ಪದಿಂದಲೂ ಮೈಸೂರು ಅರಸುಮನೆತನವು ಕೊಟ್ಟ ೩೭೧ ಎಕರೆ ಭೂಮಿಯಿಂದಲೂ ೧೯೦೯ರಲ್ಲಿ ಹುಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ನ್ಯಾಸವು ೨೦೧೪ರಲ್ಲಿ ೨೨೫ ಕೋಟಿ ರೂಪಾಯಿಗಳ ನೆರವನ್ನು ಸಂಕಲ್ಪಿಸಿತು. ಅದರಿಂದ ಮಿದುಳು ಸಂಶೋಧನಾ ಕೇಂದ್ರವು ಬೆಳೆಯಿತು. ಅದರ ಸ್ಥಾಪಕ ನಿರ್ದೇಶಕರಾದ ಪ್ರೊಫೆಸರ್ ವಿಜಯಲಕ್ಷ್ಮೀ ರವೀಂದ್ರನಾಥ್ ಅವರು ಹಿಂದೆ ನಿಮ್ಹಾನ್ಸಿನಲ್ಲಿ ದುಡಿದವರು. ಅವರಿಗೆ ೨೦೧೦ರಲ್ಲಿ ಪದ್ಮಶ್ರೀ, ಗೋಪಾಲಕೃಷ್ಣನ್ ಅವರಿಗೆ ೨೦೧೧ರಲ್ಲಿ ಪದ್ಮಭೂಷಣ ಸಂದಿತು. ಕೇಂದ್ರದ ಹೊಸ ಕಟ್ಟಡವು ೨೦೨೨ರ ಜೂನಿನಲ್ಲಿ ಉದ್ಘಾಟನೆಯಾಯಿತು. ರೋಹಿಣಿ ನೀಲೇಕಣಿಯವರೂ ನಿಮ್ಹಾನ್ಸಿನ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮನೋರೋಗ ಸಂಶೋಧನೆಗೆ ೧೦೦ ಕೋಟಿ ರೂಪಾಯಿಗಳನ್ನು ಕೊಟ್ಟಿರುವರು. ನಾರ್ವೆ ದೇಶದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ಧನಿಕನಾದ ಕಾವ್ಲಿಯ ಹೆಸರಿನಲ್ಲಿ ೨೦೦೮ರಿಂದ ಎರಡು ವರ್ಷಗಳಿಗೊಮ್ಮೆ ನರವಿಜ್ಞಾನಿಗಳಿಗೆ ದೊಡ್ಡ ಬಹುಮಾನವು ಸಲ್ಲುತ್ತಿರುವಂತೆ, ನಮ್ಮಲ್ಲಿಯೂ ಧನವು ವಿದ್ಯೆಯನ್ನು ಅರಸಿ ಬರತೊಡಗಿದೆಯೆಂದು ಸಂತೋಷಪಡಬಹುದು.

ಆ ಹಣದಿಂದ ನಡೆದ ಕೆಲಸಗಳಲ್ಲಿ ಒಂದು ನಮ್ಮ ಮನಸ್ಸನ್ನು ವಿಶೇಷವಾಗಿ ಸೆಳೆಯುವುದು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ಎಲ್ಲರೂ ಕೇಳಿರುವರು. ಮುಪ್ಪಿನಲ್ಲಿ ಮರೆವು ಸಹಜವೆಂದು ನಾವು ಸುಮ್ಮನಿರುವೆವು. ಅದು ಸಹಜವೇ, ರೋಗವೇ, ಯಾರಿಗೆ ಯಾವಾಗ ಏಕೆ ಬರುವುದು ಎಂಬುದನ್ನು ತಿಳಿಯಲು ಈ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ವರ್ಷ ಮೀರಿದ ೧೦,೦೦೦ ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವ ಅಧ್ಯಯನವನ್ನು ಕೈಗೊಂಡಿರುವರು. ಪಾಶ್ಚಾತ್ಯರ ಪುಸ್ತಕಗಳಲ್ಲಿರುವ ಲೆಕ್ಕವು ಓದುಬರಹವುಳ್ಳ ಪಟ್ಟಣಿಗರ ಲೆಕ್ಕ. ರಾಗಿಯನ್ನುಂಡು ಹೊಲದಲ್ಲಿ ದುಡಿದ ಮುದುಕಿಯ ಮಿದುಳಿನ ಲೆಕ್ಕವನ್ನು ಅವಳ ಹಳ್ಳಿಯಲ್ಲಿಯೇ ತೆಗೆದುಕೊಳ್ಳಬೇಕು.

ಹಳ್ಳಿಯನ್ನು ಬಿಟ್ಟರೆ ಮಿದುಳಿನ ಶಾಸ್ತ್ರವು ಅರ್ಧವೆಂಬುದಕ್ಕೆ ಇದಕ್ಕಿಂತ ಹಿಂದಿನ ಪ್ರಮಾಣಗಳೂ ಉಂಟು. ನಿಮ್ಹಾನ್ಸಿನ ಡಾಕ್ಟರ್ ಗೌರಿದೇವಿಯವರೂ ಅವರ ಸಂಗಡಿಗರೂ ೧೯೯೦ರ ದಶಕದಲ್ಲಿ ಬೆಂಗಳೂರಿನ ಪಟ್ಟಣ ಮತ್ತು ಗ್ರಾಮಗಳಲ್ಲಿ ಮನೆಮನೆಗೆ ಹೋಗಿ ೧,೦೨,೫೫೭ ಜನರನ್ನು ವಿಚಾರಿಸಿದರು. ನರರೋಗಗಳು ಪಟ್ಟಣಕ್ಕಿಂತ ಗ್ರಾಮಗಳಲ್ಲಿ ಹೆಚ್ಚಾಗಿದ್ದುವು. ಮೂರ್ಛೆರೋಗವಂತೂ ಪಟ್ಟಣದಲ್ಲಿ ಸಾವಿರಕ್ಕ ೫.೭ ಇದ್ದರೆ ಗ್ರಾಮದಲ್ಲಿ ೧೧.೯, ಎಂದರೆ ಎರಡರಷ್ಟು. ವೈದ್ಯರು ಇರುವುದು ಪಟ್ಟಣದಲ್ಲಿ, ರೋಗವು ಹೆಚ್ಚಾಗಿರುವುದು ಹಳ್ಳಿಯಲ್ಲಿ. ಡಾಕ್ಟರ್ ಕೆ. ಎಸ್. ಮಣಿಯವರು ಯಳಂದೂರು ಸೀಮೆಯಲ್ಲಿ ಸುಮಾರು ೬೫,೦೦೦ ಜನರ ನಡುವೆ ಮೂರ್ಛೆರೋಗಿಗಳನ್ನು ಹುಡುಕಿಸಿ, ೧೯೧೨ರಿಂದಲೂ ಬಳಕೆಯಲ್ಲಿರುವ ಅಗ್ಗದ ಫಿನೊಬಾರ್ಬಿಟೋನ್ ಮೊದಲಾದ ಮಾತ್ರೆಗಳನ್ನು ತಪ್ಪದೆ ಕೊಡಿಸಿದರು. ಅನೇಕರಲ್ಲಿ ಫಿಟ್ಸು ಹತೋಟಿಗೆ ಬಂದಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸಿನವರು ಸಾಮಾನ್ಯ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗದ ಚಿಕಿತ್ಸೆಯನ್ನು ಕಲಿಸಿ ತೋರಿಸಿದ ಮಾದರಿಯೇ ೧೯೯೬ರಿಂದ ದೇಶದ ಜಿಲ್ಲೆಗಳಿಗೆ ಹರಡಿತು.

ಈ ಎಲ್ಲ ಅಧ್ಯಯನಗಳಲ್ಲಿ ಮೂರನೆಯ ಕೊಡುಗೆದಾರನೊಬ್ಬನಿರುವನು. ಬಾಗಿಲಿಗೆ ಬಂದವರಿಗೆ ಕೂಲಿಯನ್ನು ಬಿಟ್ಟು ಉತ್ತರ ಹೇಳಿದವನು, ರಕ್ತವನ್ನು ಕೊಟ್ಟವನು, ವರ್ಷ ವರ್ಷವೂ ಪರೀಕ್ಷೆಗೆ ಬಂದು ಕುಳಿತವನು. ನಿಮ್ಹಾನ್ಸಿನಲ್ಲಿ ಡಾಕ್ಟರ್ ಎಸ್. ಕೆ. ಶಂಕರ್ ಅವರ ಪ್ರಯತ್ನದಿಂದ ೧೯೯೫ರಲ್ಲಿ ಮಾನವ ಮಿದುಳುಗಳ ಬ್ಯಾಂಕು ಆರಂಭವಾಯಿತು. ಮನೆಯವನೊಬ್ಬನು ತೀರಿಕೊಂಡ ದುಃಖದ ಗಳಿಗೆಯಲ್ಲಿ, ಸಂಸ್ಕಾರಕ್ಕೆ ತಡವಾಗುವುದೆಂಬ ಬಂಧುಗಳ ಮಾತನ್ನೂ ಸಹಿಸಿಕೊಂಡು, ಅವನ ಮಿದುಳನ್ನು ಸಂಶೋಧನೆಗೆ ಕೊಡಲು ಒಪ್ಪಿದ ಕುಟುಂಬಗಳಿಂದ ಅದು ನಡೆಯುತ್ತಿರುವುದು. ಕೋಟಿ ರೂಪಾಯಿಗಳಿಗೂ ಈ ದಾನವು ದೊರೆಯಲಾರದು.

ಇವರಿಗಿಂತಲೂ ಹಿಂದೆ ಹೋದರೆ, ಹೆಸರೂ ಉಳಿಯದ ಉಪಕಾರಿಗಳು ಕಾಣಬರುವರು. ಸರ್ಪಗಂಧದ ಬೇರನ್ನು ಉನ್ಮಾದಕ್ಕೆ ಮದ್ದಾಗಿ ಹಳ್ಳಿಯ ವೈದ್ಯರು ತಲೆತಲಾಂತರದಿಂದ ಕೊಡುತ್ತಿದ್ದರು. ೧೯೩೧ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಅದನ್ನು ಕುರಿತು ವೈದ್ಯಪತ್ರಿಕೆಯಲ್ಲಿ ಬರೆದರು. ೧೯೫೨ರಲ್ಲಿ ಸ್ವಿಟ್ಸರ್ಲೆಂಡಿನವರು ಅದರಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ತೆಗೆದರು. ಸ್ವೀಡನ್ನಿನ ಕಾರ್ಲ್‌ಸನ್ ಎಂಬವರು ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕದಲದೆ ಕುಳಿತುವು. ಎಲ್‌ಡೋಪಾ ಎಂಬ ಪದಾರ್ಥವನ್ನು ಕೊಟ್ಟೊಡನೆ ಮತ್ತೆ ಓಡಾಡಿದುವು. ಕಂಪವಾತದ ಚಿಕಿತ್ಸೆಗೆ ದಾರಿ ತೋರಿದ ಈ ಶೋಧಕ್ಕಾಗಿ ಅವರಿಗೆ ೨೦೦೦ದಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಆ ಎಲ್‌ಡೋಪಾ ಪದಾರ್ಥವು ನಮ್ಮ ಬೇಲಿಗಳಲ್ಲಿ ಬೆಳೆದು ಮೈಗೆ ತುರಿಕೆಯನ್ನು ತರುವ ನಸುಗುನ್ನಿಯ ಬೀಜದಲ್ಲಿದೆಯೆಂದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬವರು ೧೯೩೭ರಲ್ಲಿಯೇ ತೋರಿಸಿದ್ದರು. ಪದಕವು ಒಬ್ಬರ ಕೊರಳಿಗೆ ಬೀಳುವಾಗ ಅದರ ಹಿಂದೆ ಎಷ್ಟು ಜನರ ಕೈಗಳಿರುವುವೆಂಬುದನ್ನು ಈ ಸಣ್ಣ ಕಥೆಯು ತಿಳಿಸುವುದು.

ಹೀಗಿರಲು, ಗೌರವವನ್ನು ಸಲ್ಲಿಸುವ ಬಗೆ ಯಾವುದು ಎಂಬ ಪ್ರಶ್ನೆಗೆ ನಮ್ಮ ಅಭಿಪ್ರಾಯವನ್ನು ಹೇಳಬಹುದು. ದಾನಿಯ ಹೆಸರನ್ನು ಕಟ್ಟಡಕ್ಕೆ ಇಡುವುದು ತಪ್ಪಲ್ಲ. ವಿದ್ವಾಂಸನಿಗೆ ಶಾಲು ಹೊದಿಸುವುದೂ ತಪ್ಪಲ್ಲ. ಸಾಲೋಟಗಿಯವರೂ ಮಂತ್ರಿಯ ಹೆಸರನ್ನು ಕೆತ್ತಿದರು. ಆದರೆ ಹೆಸರಿನ ಪಕ್ಕದಲ್ಲಿ ದೀಪದ ಲೆಕ್ಕವೂ ಇರಬೇಕು. ಕೊಟ್ಟ ಹಣದಲ್ಲಿ ಎಷ್ಟು ಭಾಗವು ಹಳ್ಳಿಯ ರೋಗಿಯ ಕಡೆಗೆ ಹರಿಯಿತು, ಕಂಡುಹಿಡಿದ ಎಷ್ಟು ಸಂಗತಿಗಳು ತಾಲ್ಲೂಕಿನ ಆಸ್ಪತ್ರೆಯ ವೈದ್ಯನ ಕೈಗೆ ಬಂದುವು, ರಕ್ತವನ್ನೂ ಮಿದುಳನ್ನೂ ಕೊಟ್ಟವರಿಗೆ ಏನು ತಿಳಿಯಿತೆಂದು ಯಾರಾದರೂ ಹೋಗಿ ಹೇಳಿದರೇ, ಇವುಗಳನ್ನೂ ಸನ್ಮಾನದ ಸಭೆಯಲ್ಲಿ ಓದುವಂತಾಗಬೇಕು. ದಾನಿಯು ಅಂತಹ ಲೆಕ್ಕವನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ವಿದ್ವಾಂಸನು ಅದನ್ನು ಹೇಳಲು ಬೇಸರಪಡಬಾರದು. ಸೇವಕನೆಂಬ ಭಾವನೆಯು ಇಬ್ಬರಲ್ಲಿಯೂ ಇದ್ದರೆ ಇದು ಸುಲಭ.

ನಾಲ್ಕು ತಾಲ್ಲೂಕುಗಳ ಜನರಿಗೂ ಮಾಡಬೇಕಾದುದು ಇಲ್ಲದಿಲ್ಲ. ಮೂರ್ಛೆ ಬಂದು ಬಿದ್ದವನ ಕೈಯಲ್ಲಿ ಕಬ್ಬಿಣವಿರಿಸಿ ಮೂಗಿಗೆ ಉಳ್ಳಾಗಡ್ಡಿಯನ್ನು ಹಿಡಿಯುವ ಪದ್ಧತಿಯನ್ನು ಬಿಟ್ಟು, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕದೆ, ಫಿಟ್ಸು ಐದು ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯುವುದನ್ನು ಶಾಲೆಯ ಮಕ್ಕಳಿಗೂ ಕಲಿಸಬಹುದು. ಲಕ್ವ ಹೊಡೆದವನನ್ನು ಎಣ್ಣೆ ತಿಕ್ಕಿಸಲು ಊರೂರಿಗೆ ಕರೆದೊಯ್ಯದೆ, ಮೊದಲ ಕೆಲವು ಗಂಟೆಗಳಲ್ಲಿಯೇ ದೊಡ್ಡ ಆಸ್ಪತ್ರೆಗೆ ಮುಟ್ಟಿಸಬಹುದು. ಮಿದುಳನ್ನು ಉಳಿಸುವ ಮದ್ದು ಆ ಅವಧಿಯಲ್ಲಿ ಮಾತ್ರ ಕೆಲಸ ಮಾಡುವುದು. ಇವೆಲ್ಲವೂ ಸಂಶೋಧಕರು ದುಡಿದು ಕಂಡ ಸಂಗತಿಗಳು. ಅವುಗಳನ್ನು ಬಳಕೆಗೆ ತರುವುದು ಅವರಿಗೆ ಸಲ್ಲಿಸುವ ಮೊದಲ ಮರ್ಯಾದೆ.

ಇನ್ನೊಂದು ಸೂಚನೆಯನ್ನು ಓದುಗರ ಮುಂದಿಟ್ಟು ನಾವು ಮುಗಿಸುವೆವು. ಮೂರ್ಛೆರೋಗದ ಮಾತ್ರೆಯು ಅಗ್ಗವಾದರೂ ಅದನ್ನು ಒಂದು ದಿನವೂ ತಪ್ಪದೆ ವರ್ಷಗಟ್ಟಲೆ ನುಂಗಬೇಕು. ಸುಗ್ಗಿಯು ಕೆಟ್ಟ ವರ್ಷದಲ್ಲಿ ಬಡವನು ಮೊದಲು ನಿಲ್ಲಿಸುವುದು ಅದನ್ನೇ. ೯೪೫ರಲ್ಲಿ ಇಂಡಿಯ ಸೀಮೆಯವರು ಮದುವೆಗೆ ಐದು ನಾಣ್ಯವನ್ನು ವಿದ್ಯೆಗೆಂದು ಎತ್ತಿಟ್ಟರು. ಇಂದು ಅದೇ ಸೀಮೆಯಲ್ಲಿ ಮದುವೆಯ ಚಪ್ಪರದಡಿಯಲ್ಲಿ ಒಂದು ಸಣ್ಣ ಮೊತ್ತವನ್ನು ಇಂತಹ ರೋಗಿಗಳ ಔಷಧಕ್ಕೂ ಅವರು ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚಿಗೂ ಎತ್ತಿಡುವ ಕಟ್ಟಳೆಯನ್ನು ಊರಿನ ಹಿರಿಯರು ಮಾಡಿಕೊಂಡರೆ, ಬೆಂಗಳೂರಿನ ದಾನಿಗೂ ವಿದ್ವಾಂಸನಿಗೂ ಅದಕ್ಕಿಂತ ಹಿರಿದಾದ ಸನ್ಮಾನವು ಬೇರೆ ಬೇಕಾಗದು. ಅವರ ಕೆಲಸವು ತಮ್ಮದೂ ಹೌದೆಂದು ಊರು ಒಪ್ಪಿಕೊಂಡಂತಾಗುವುದು.